ತೂತು ಬಿದ್ದ ಬಕೆಟ್ಟಿನ ಪಾಠ

ಬೆಳಗಿನ ಐದೂವರೆ. ಲಿಡ್‌ಮೋರ ಊರಿನ ಹಿಂದಿನ ಕಾಡಿನಲ್ಲಿ ಇಂಗಾಲಿಲ್ ಸೆಲಿನ್ ಮೊಣಕಾಲೂರಿ ಕೂತಿದ್ದಾರೆ. ಪಾಚಿಯ ಮೇಲಿನ ಕೆಂಪು ಚುಕ್ಕೆಯೊಂದನ್ನು ಬೆರಳ ನಡುವೆ ಹಿಸುಕಿ ನೋಡುತ್ತಾರೆ. ಲಿಂಗನ್ ಎಂಬ ಕಾಡುಹಣ್ಣು. ಎರಡು ಹೆಜ್ಜೆ ಮುಂದೆ ಇನ್ನೊಂದು ಕೆಂಪು. ಇದು ಹಣ್ಣಲ್ಲ, ರಕ್ತ. "ನೀನು ಹೇಳಿದ್ದೇ ಸರಿ ಕಣೇ," ಎಂದು ನಾಯಿ ತುಸ್ಸಾಳ ಬೆನ್ನು ತಟ್ಟುತ್ತಾರೆ.

ನಿನ್ನೆ ಸಂಜೆ ಪಕ್ಕದೂರಿನ ಬೇಟೆಗಾರನೊಬ್ಬ ಮುನ್ನೂರು ಮೀಟರ್ ದೂರದಿಂದ ಎಲ್ಕ್ ಎಂಬ ಚಳಿನಾಡಿನ ದೈತ್ಯ ಜಿಂಕೆಯೊಂದಕ್ಕೆ ಗುಂಡು ಹಾರಿಸಿದ. ಅದು ಬೀಳದೆ ಓಡಿತು. ಈತ ಮನೆಗೆ ಹೋಗಿ ಉಂಡು ಮಲಗಿದ, ಫೋನ್ ಮಾಡಿದ್ದು ಇವತ್ತು ನಸುಕಿನಲ್ಲಿ. ಕುದುರೆಗಿಂತ ಎತ್ತರದ ಆ ಪ್ರಾಣಿ ಹರಿದ ಹೊಟ್ಟೆಯೊಂದಿಗೆ ಅಷ್ಟೂ ಹೊತ್ತು ಜೌಗಿನಲ್ಲಿ ನಿಂತೇ ಇತ್ತು. ಇಂಗಾಲಿಲ್ ಒಂದೇ ಗುಂಡಿನಲ್ಲಿ ಅದರ ನರಳಾಟ ಮುಗಿಸುತ್ತಾರೆ.

"ಐವತ್ತು ವರ್ಷದ ಅನುಭವ ಅಂತಾನೆ. ಐವತ್ತು ವರ್ಷ ತಪ್ಪನ್ನೇ ಮಾಡ್ಕೊಂಡು ಬಂದ್ರೆ ಅದೂ ಅನುಭವಾನೇ," ಎನ್ನುತ್ತಾರೆ, ಕೈ ಒರೆಸಿಕೊಳ್ಳುತ್ತಾ.

ಅರವತ್ತೊಂದು ವರ್ಷದ ಇಂಗಾಲಿಲ್ ಹಗಲು ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಅಡುಗೆ ಮಾಡುತ್ತಾರೆ. ಪ್ರತಿ ಶರತ್ಕಾಲದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಹೀಗೆ ಯಾರೋ ಗಾಯಗೊಳಿಸಿದ ಪ್ರಾಣಿಯ ಬೆನ್ನು ಹತ್ತುತ್ತಾರೆ. ಬುಧವಾರ ಸಂಜೆ ಶಾಲೆಯ ಊಟದ ಕೋಣೆಯಲ್ಲಿ ಬೇಟೆಗಾರರಿಗೆ ಪುಕ್ಕಟೆ ಪಾಠ ಹೇಳುತ್ತಾರೆ. ಆದರೂ ಪತ್ರಿಕೆಯಲ್ಲಿ ಚಿತ್ರ ಬರುವುದು ಕೊಂಬು ಹಿಡಿದು ನಗುವವರದ್ದೇ.

ಪರೀಕ್ಷೆ ಪಾಸಾಗದೆ ಇಲ್ಲಿ ಬಂದೂಕಿಗೆ ಪರವಾನಗಿ ಸಿಗುವುದಿಲ್ಲ, ನಿಜ. ಆದರೆ ಪರೀಕ್ಷೆ ಕಡ್ಡಾಯವಾಗುವ ಮೊದಲೇ ಬಂದೂಕು ಹಿಡಿದವರಿಗೆ ವಿನಾಯಿತಿ. ಕಣ್ಣು ಮಂಜಾಗಿ ಕೈ ನಡುಗುವ ವಯಸ್ಸಿನವರೇ ಏನನ್ನೂ ಕಲಿಯಬೇಕಿಲ್ಲವಂತೆ. ಇದನ್ನು ನಿಯಮ ಎನ್ನಲು ನಾಚಿಕೆಯಾಗಬೇಕು.

ಆ ವಿನಾಯಿತಿಯ ಬೆಲೆ ಇಂಗಾಲಿಲ್ ಅವರ ಮನೆಯಲ್ಲೇ ಇದೆ. ಹನ್ನೊಂದು ವರ್ಷದ ಹಿಂದೆ, ಹೀಗೆ ವಿನಾಯಿತಿ ಪಡೆದ ಊರಿನ ಬೇಟೆಗಾರ ಸ್ತೂರೆ, ಗುಡ್ಡದ ನೆತ್ತಿಯಲ್ಲಿ ನಿಂತ ಎಲ್ಕ್‌ಗೆ ಗುಂಡು ಹಾರಿಸಿದರು. ಎಲ್ಕ್‌ನ ಹಿಂದೆ ಗುಂಡನ್ನು ತಡೆಯುವ ಮಣ್ಣಿರಲಿಲ್ಲ, ಬರೀ ಆಕಾಶ. ಗುರಿ ತಪ್ಪಿದ ಗುಂಡು ಆಚೆ ಗುಡ್ಡದಲ್ಲಿ ಹಣ್ಣು ಆಯುತ್ತಿದ್ದ ಇಂಗಾಲಿಲ್ ಅವರ ತಂಗಿ ಮೈಲಿಸ್‌ರ ಬಕೆಟ್ಟನ್ನು ತೂರಿ ಸೊಂಟದ ಮೂಳೆ ಮುರಿಯಿತು. ಪೊಲೀಸರು ಆಕಸ್ಮಿಕ ಎಂದು ಬರೆದು ಕೈತೊಳೆದುಕೊಂಡರು. ಮರುವರ್ಷವೂ ಸ್ತೂರೆಗೆ ಬೇಟೆಯಲ್ಲಿ ಅದೇ ಜಾಗ. ಮೈಲಿಸ್ ಮಾತ್ರ ಊರುಗೋಲು ಹಿಡಿದರು, ಕಾಡಿನ ಕಡೆ ತಲೆ ಹಾಕಲಿಲ್ಲ.

ಇಲ್ಲಿನ ಕಾನೂನಿನಂತೆ, ಗಾಯಗೊಂಡ ಪ್ರಾಣಿಯನ್ನು ಹುಡುಕುವ ನಾಯಿ ಎರಡು ಗಂಟೆಯೊಳಗೆ ಸಿಗುವಂತಿರದಿದ್ದರೆ ಎಲ್ಕ್ ಬೇಟೆಯೇ ಇಲ್ಲ. ಊರಿಗಿರುವುದು ತುಸ್ಸಾ ಒಬ್ಬಳೇ. ಈ ಆಗಸ್ಟ್‌ನಲ್ಲಿ ಇಂಗಾಲಿಲ್ ಬೇಟೆ ತಂಡದ ಮುಖ್ಯಸ್ಥ ಬಿರ್ಗೆರ್ ಮನೆಗೆ ಹೋದರು.

"ತಂಡದ ಹನ್ನೊಂದು ಜನಾನೂ ನನ್ನ ತರಗತಿಗೆ ಬರ್ಬೇಕು. ಇಲ್ದಿದ್ರೆ ತುಸ್ಸಾ ಬರಲ್ಲ."

"ಸ್ತೂರೆಗೆ ಎಪ್ಪತ್ತಾರು. ಈ ವಯಸ್ಸಲ್ಲಿ ಶಾಲೆಗೆ ಕಳಿಸ್ತೀಯಾ?"

"ನೀನು ಬಂದೂಕು ಕೊಟ್ಟು ಕಾಡಿಗೆ ಕಳಿಸ್ತಿಲ್ವಾ?"

ಬೇರೆ ದಾರಿಯಿಲ್ಲದೆ ಎಲ್ಲರೂ ಬಂದರು. ಸ್ತೂರೆ ಹಿಂದಿನ ಬೆಂಚಿನಲ್ಲಿ ಕೂತು, "ಹಾಜರಿ ಕೂಗ್ತೀಯಾ ಟೀಚರಮ್ಮ?" ಎಂದಾಗ ಕೋಣೆಯೆಲ್ಲ ನಗು. ಇಂಗಾಲಿಲ್ ಎರಡು ತೂತಿನ ಹಳೆಯ ಬಕೆಟ್ಟನ್ನು ತಂದು ಅವರ ಕೈಗೇ ಕೊಟ್ಟರು. "ನೋಡ್ಬಿಟ್ಟು ಪಕ್ಕದವ್ರಿಗೆ ದಾಟಿಸು, ಸ್ತೂರೆ." ಸ್ತೂರೆ ಬಹಳ ಹೊತ್ತು ದಾಟಿಸಲಿಲ್ಲ.

ಕಳೆದ ಸೋಮವಾರ ಬೇಟೆಯ ಮೊದಲ ದಿನ. ಸಂಜೆ ಬೆಂಕಿಯ ಸುತ್ತ ಕಾಫಿ ಕುಡಿಯುವಾಗ ಬರಿಗೈಯಲ್ಲಿ ಬಂದ ಸ್ತೂರೆಯನ್ನು ಬಿರ್ಗೆರ್ ಕಿಚಾಯಿಸಿದರು: "ಎಲ್ಕ್ ನಿನ್ನ ಮುಂದೇನೇ ನಿಂತಿತ್ತಂತಲ್ಲ, ಕಣ್ಣು ಮುಚ್ಕೊಂಡಿದ್ದಾ?"

"ಗುಡ್ಡದ ನೆತ್ತಿ ಮೇಲಿತ್ತು," ಎಂದರು ಸ್ತೂರೆ. "ಹಿಂದೆ ಏನಿದೆ ಅಂತ ಕಾಣ್ಲಿಲ್ಲ. ಬಿಟ್ಟೆ."

ಈಗ ಇಂಗಾಲಿಲ್ ಅವರಿಗಿರುವುದು ಒಂದೇ ಆಸೆ: ವಿನಾಯಿತಿ ಹೋಗಬೇಕು, ಬಂದೂಕು ಹಿಡಿಯುವ ಪ್ರತಿಯೊಬ್ಬರೂ ಕಲಿತೇ ಹಿಡಿಯಬೇಕು. ಮೈಲಿಸ್ ನಿನ್ನೆ ಹೊಸ ಬಕೆಟ್ ಕೇಳಿದ್ದಾರೆ, ಭಾನುವಾರ ಹಣ್ಣಿಗೆ ಹೋಗುತ್ತಾರಂತೆ. ಸಂತೋಷವೇ ಎಂದು ಕೇಳಿದರೆ ಇಂಗಾಲಿಲ್ ತುಸ್ಸಾಳ ಹಗ್ಗ ಸುತ್ತುತ್ತಾ ಹೇಳುತ್ತಾರೆ:

"ನನ್ನ ತಂಗಿಗೆ ಕಾಡಿಗೆ ಕಾಲಿಡೋಕೆ ಹನ್ನೊಂದು ವರ್ಷ ಬೇಕಾಯ್ತು. ಸ್ತೂರೆಗೆ ಕಲಿಯೋಕೆ ಬೇಕಾಗಿದ್ದು ಒಂದು ಸಂಜೆ. ಆ ಒಂದು ಸಂಜೇನ ಅವತ್ತೇ ಯಾರೂ ಅವನ ಹತ್ರ ಕೇಳ್ಲಿಲ್ಲ."