ತೆಳ್ಳನೆಯ ಪುಸ್ತಕಕ್ಕೊಂದು ಸಂತಾಪ

ರಿಯಾದ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ನನ್ನ ಚೀಲದಿಂದ ತೆಳ್ಳನೆಯ ಫ್ರೆಂಚ್ ಪುಸ್ತಕವನ್ನು ಹೊರತೆಗೆದರು. ಅದನ್ನು ಕಿತ್ತುಕೊಂಡರೆ ಜಗಳಕ್ಕೂ ಸಿದ್ಧಳಾಗಿದ್ದ ನಾನು, ನನ್ನ ಟ್ರಾಲಿ ತಳ್ಳುತ್ತಿದ್ದ ಉಳ್ಳಾಲದ ಹಮೀದ್‌ಗೆ ದನಿಯೇರಿಸಿಯೇ ಹೇಳಿದೆ: "ಇದನ್ನು ಕನ್ನಡಕ್ಕೆ ತರ್ತಿದ್ದೇನೆ ಅನ್ನಿ. ಬರೆದವನು ಇಪ್ಪತ್ತೇಳಕ್ಕೇ ಕ್ಷಯದಿಂದ ಸತ್ತ. ಅವನ ಊರಿನವರಿಗೇ ಅವನು ಗೊತ್ತಿಲ್ಲ. ಬರೆದದ್ದು ಇದೊಂದೇ."

ಹಮೀದ್ ಅರಬ್ಬಿಯಲ್ಲಿ ತಿಳಿಸಿದರು. ಅಧಿಕಾರಿ ಪುಸ್ತಕವನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಂದಿರುಗಿಸಿ, ಎದೆಯ ಮೇಲೆ ಕೈಯಿಟ್ಟು ಏನೋ ಅಂದರು.

"ಎಂತ ಹೇಳಿದ್ದು?" ಎಂದೆ.

"ದೇವರು ಅವನಿಗೆ ಕರುಣೆ ತೋರಿಸಲಿ ಅಂತ, ಮೇಡಂ. ಅವನ ತಾಯಿ ಇದ್ದಾರಾ ಅಂತಲೂ ಕೇಳ್ತಿದ್ದಾರೆ."

ಅವನು ಸತ್ತೇ ನೂರು ವರ್ಷವಾಗಿತ್ತು. ಮೂರು ವರ್ಷ ಅವನ ಒಂದೊಂದು ವಾಕ್ಯದೊಂದಿಗೂ ಗುದ್ದಾಡಿದ ನನಗೆ, ಅವನಿಗೊಬ್ಬ ತಾಯಿ ಇದ್ದಳೆಂಬುದು ಒಮ್ಮೆಯೂ ಹೊಳೆದಿರಲಿಲ್ಲ.