ವಡ್ಡುವಿನ ಶೆಡ್ಡುಗಳಿಗೆ ಕಾನೂನು ಹೇಳುವ ಯಮನಮ್ಮ

ಬೆಳಗಿನ ಐದೂವರೆ. ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದಾಚೆ, ಕೂಲಿಕಾರರ ತಗಡಿನ ಶೆಡ್ಡುಗಳ ಮುಂದೆ ಅದಿರಿನ ಲಾರಿಗಳು ಆಗಲೇ ಸಾಲುಗಟ್ಟಿವೆ. ಕೆಂಪು ದೂಳು ಕೂತ ಚಾಪೆ ಕೊಡವಿ ಹಾಸಿಕೊಂಡು ಯಮನಮ್ಮ ಕೂತಿದ್ದಾರೆ. ಎದುರಿಗೆ ಗಣಿ ಕೂಲಿ ನಿತಾಯ್ ಮಂಡಲ್, ಅವನ ಹೆಂಡತಿ ಶೆಫಾಲಿ. ಹನ್ನೊಂದು ಗಂಟೆಯೊಳಗೆ ಇವರಿಬ್ಬರೂ ಪೊಲೀಸ್ ಠಾಣೆಯಲ್ಲಿ ತಾವು ಈ ದೇಶದವರೆಂದು ದಾಖಲೆ ತೋರಿಸಬೇಕು. ಮುಂದಿಟ್ಟ ಚಹಾ ಇಬ್ಬರೂ ಮುಟ್ಟಿಲ್ಲ.

ನಲವತ್ತಾರರ ಯಮನಮ್ಮ ಸಂಡೂರಿನಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ದಿನಕ್ಕೆ ಹತ್ತು ಹನ್ನೆರಡು ಅರ್ಜಿ ಬರೆದುಕೊಡುತ್ತಾರೆ. ಅದಿರಿಗೆ ಬೆಲೆ ಬಂದ ಈ ನಾಲ್ಕೈದು ವರ್ಷಗಳಲ್ಲಿ ದೂರದೂರದಿಂದ ಬಂದ ಕೂಲಿಗಳು ಕಚೇರಿ ಮೆಟ್ಟಿಲು ಹತ್ತಲು ಹೆದರುವುದನ್ನು ಕಂಡು, ಪಾಳಿ ಶುರುವಾಗುವ ಮುನ್ನ ತಾವೇ ಇಲ್ಲಿಗೆ ಬರುತ್ತಾರೆ.

ಲಾರಿ ಕ್ಲೀನರ್ ಆಗಿದ್ದ ಗಂಡ ಅಪಘಾತದಲ್ಲಿ ತೀರಿಕೊಂಡ ಮೂರನೇ ದಿನ, ಲಾರಿ ಮಾಲೀಕರ ಕಡೆಯವರು ಖಾಲಿ ಹಾಳೆಗೆ ಯಮನಮ್ಮನವರ ಸಹಿ ಹಾಕಿಸಿಕೊಂಡರು. ಪರಿಹಾರ ಕೊಡುವುದನ್ನು ತಪ್ಪಿಸಿಕೊಳ್ಳಲು, ಆತ ತಮ್ಮಲ್ಲಿ ಕೆಲಸಕ್ಕೇ ಇರಲಿಲ್ಲವೆಂದು ಆಮೇಲೆ ಅದರಲ್ಲಿ ಬರೆದುಕೊಂಡರು. "ನನಗ ಓದಾಕ ಬರ್ತಿತ್ರೀ, ಕೇಳಾಕ ಬರ್ತಿರಲಿಲ್ಲ," ಎನ್ನುತ್ತಾರೆ. ಆ ವರ್ಷವೇ ಹೊಸಪೇಟೆಗೆ ಬಸ್ಸಿನಲ್ಲಿ ಓಡಾಡಿ ಟೈಪಿಂಗ್ ಕಲಿತರು.

ನಿತಾಯ್‌ನ ತಂದೆತಾಯಿ ಬಂಗಾಳದ ಗಡಿಯಾಚೆಯಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಕ್ಯಾಂಪಿನಲ್ಲಿ ನೆಲೆಸಿದವರು. ಅವನು ಹುಟ್ಟಿದ್ದು ಅಲ್ಲೇ, ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ಬಂಗಾಳಿ ಮಾತಾಡುವವರೆಲ್ಲ ಎಂಟು ದಿನದೊಳಗೆ ದಾಖಲೆ ತೋರಿಸಬೇಕೆಂದು ಕಳೆದ ವಾರ ಠಾಣೆಯಿಂದ ಸುದ್ದಿ ಬಂದಾಗ ಮೂರು ಸಂಸಾರಗಳು ಶೆಡ್ಡು ಬಿಟ್ಟು ಹೋದವು. ನಿತಾಯ್ ಕೂಡ ಗಂಟು ಕಟ್ಟಿದ್ದ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅವನ ಶಾಲೆಯ ಟಿ.ಸಿ. ಇಟ್ಟುಕೊಂಡಿದ್ದ ಮೇಸ್ತ್ರಿ, ಅದು ಕಳೆದುಹೋಯಿತೆಂದು ಕೈಯೆತ್ತಿಬಿಟ್ಟಿದ್ದ.

"ಓಡಿಹೋದ್ರ ತಪ್ಪು ಒಪ್ಪಿಕೊಂಡಂಗ ಆಗ್ತದಪಾ. ಎಂಬತ್ತೇಳಕ್ಕಿಂತ ಮೊದ್ಲು ಈ ದೇಶದಾಗ ಹುಟ್ಟಿದವ ಹುಟ್ಟಿನಿಂದನ ಇಲ್ಲಿಯವ. ಕಾನೂನು ಹಂಗೈತಿ," ಎಂದು ಯಮನಮ್ಮ ತಡೆದರು. ಅರ್ಜಿ ಬರೆದು, ಅವನೊಂದಿಗೆ ಸಿಂಧನೂರಿನ ಬಸ್ಸು ಹತ್ತಿ, ಶಾಲೆಯಿಂದ ಹುಟ್ಟಿದ ಊರು, ತಾರೀಖು ಇರುವ ಟಿ.ಸಿ.ಯ ನಕಲು ಪ್ರತಿ ತಂದದ್ದು ನಿನ್ನೆ.

ಹತ್ತೂವರೆಗೆ ಠಾಣೆಯಲ್ಲಿ ಅಧಿಕಾರಿ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಕೊನೆಗೆ ನಿತಾಯ್‌ನ ಹೆಸರಿನ ಮುಂದೆ ಗುರುತು ಬೀಳುತ್ತದೆ. ಶೆಫಾಲಿ ಹುಟ್ಟಿದ್ದೂ ಎಂಬತ್ತನಾಲ್ಕರಲ್ಲಿ, ಅದೇ ಕ್ಯಾಂಪಿನಲ್ಲಿ. ಆದರೆ ಶಾಲೆಗೆ ಹೋದವಳಲ್ಲ, ಜನನ ದಾಖಲೆಯೂ ಇಲ್ಲ. ಹಾಗಾದರೆ ಇವಳ ಹೆಸರು ಹೊರದೇಶದವರ ಪಟ್ಟಿಗೆ ಹೋಗುತ್ತದೆ ಎನ್ನುತ್ತಾರೆ ಅಧಿಕಾರಿ. ಶೆಫಾಲಿ ಗಂಡನ ತೋಳು ಹಿಡಿದುಕೊಳ್ಳುತ್ತಾಳೆ.

"ಸಾಹೇಬ್ರ, ಆ ಮಾತು ಬರದು ಕೊಡ್ರಿ. ದಾಖಲೆ ತರಾಕ ಟೈಮೂ ಕೊಡ್ರಿ," ಎನ್ನುತ್ತಾರೆ ಯಮನಮ್ಮ. ದನಿ ಏರುವುದಿಲ್ಲ. ಒಂದಿಷ್ಟು ಹೊತ್ತಿನ ಮೇಲೆ ಹದಿನೈದು ದಿನದ ಗಡುವಿನ ಚೀಟಿ, ಮೊಹರಿನೊಂದಿಗೆ, ಕೈಗೆ ಬರುತ್ತದೆ.

ಕ್ಯಾಂಪಿನ ಹಳೆಯ ರಿಜಿಸ್ಟರಿನಲ್ಲಿ ಅವಳ ಹೆಸರಿದೆಯೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ನಾಳೆ ಮತ್ತೆ ಸಿಂಧನೂರಿಗೆ ಹೋಗಬೇಕು.

ನಿಮಗೇನು ಆಸೆ ಎಂದು ಕೇಳಿದರೆ ಯಮನಮ್ಮ ಬಸ್ಸಿನ ದಾರಿ ನೋಡುತ್ತಲೇ ಉತ್ತರಿಸುತ್ತಾರೆ: "ಈ ಹುಡುಗಿ ಒಂದಿನ ನಾ ಜೋಡಿ ಇಲ್ದಂಗ ಠಾಣೆಗೆ ಹೋಗಿ, ಕುರ್ಚಿ ಮ್ಯಾಲ ಕುಂತು, ತನ್ನ ಹೆಸರು ತಾನ ಹೇಳಿ ಬರಬೇಕ್ರಿ. ಅಷ್ಟ ಸಾಕು."