ಅದು ಅಮ್ಮ ಅಲ್ಲ, ಕಣಜದ ಹುಳ

ಯುಗಾದಿಯ ಹಿಂದಿನ ದಿನ ಬಳ್ಳಾರಿಯ ಪಾರ್ವತಿನಗರದ ನಮ್ಮ ಬೀದಿಗೆ ಬೇವಿನ ಸೊಪ್ಪು ಮಾರುವವರು ಬರುತ್ತಾರೆ. ಮೊನ್ನೆಯೂ ಬಂದಿದ್ದರು. ಸೊಸೆ ಒಂದು ಕಟ್ಟು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ನಾನು ನಡುಮನೆಯಲ್ಲಿ ಕೂತಿದ್ದೆ, ಅಲ್ಲಿಗೇ ವಾಸನೆ ಬಂತು. "ಅದನ್ನ ಮೊದ್ಲು ಹೊರಗ ಇಡು" ಎಂದು ಗದರಿದೆ. ಪಾಪ, ಅವಳು ಹಬ್ಬಕ್ಕೆಂದು ತಂದಿದ್ದಳು. ಬೇವು ತಂಪು, ಬೇವು ಔಷಧಿ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಎಲೆಯ ಹಾಸಿಗೆಯ ಮೇಲೆ ಒಬ್ಬಾಕೆಯನ್ನು ಮಲಗಿಸಿ ಕೊಂದದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡಿದ್ದೇನೆ. ಕೊಂದರು ಎಂದೇ ಬರೆಯುತ್ತೇನೆ. ಮೆತ್ತನೆಯ ಶಬ್ದ ಹುಡುಕಿಕೊಂಡು ಕೂಡುವ ವಯಸ್ಸು ನನ್ನದಲ್ಲ.

ನಲವತ್ತರ ದಶಕದ ಮಾತು. ಕುರುಗೋಡಿನಿಂದ ಮದುವೆಯಾಗಿ ನಾನು ಸಿರುಗುಪ್ಪಕ್ಕೆ ಬಂದ ಹೊಸತು. ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ಆಚೆ ಬದಿಯಲ್ಲಿ ನನಗಿಂತ ತುಸು ದೊಡ್ಡವಳಾದ ಇನ್ನೊಬ್ಬ ಸೊಸೆ ಇದ್ದಳು. ಬಳ್ಳಾರಿಯಿಂದ ಬಂದವಳು, ಹಾಗಾಗಿ ಓಣಿಯವರ ಬಾಯಲ್ಲಿ ಬಳ್ಳಾರಿಯಾಕಿ. ನನಗೆ ಅಕ್ಕ. ಇಬ್ಬರೂ ಗೋಡೆಯ ಎರಡು ಕಡೆ ಪಾತ್ರೆ ತಿಕ್ಕುತ್ತ, ಅತ್ತೆಯಂದಿರಿಗೆ ಕೇಳದ ಹಾಗೆ ಮಾತಾಡುತ್ತಿದ್ದೆವು. ಕೇಳದ ಹಾಗೆ ಎಂದು ನಾನು ಅಂದುಕೊಂಡಿದ್ದೆ, ಅಷ್ಟೆ. ಅಕ್ಕನ ನಗು ಬೀದಿಯ ತುದಿಗೆ ಕೇಳಿಸುತ್ತಿತ್ತು. "ಬಳ್ಳಾರಿ ನಖರಾ ಚಾಲೂ ಆತು" ಎಂದು ಒಳಗಿನಿಂದ ಆಕೆಯ ಅತ್ತೆ ಗೊಣಗುತ್ತಿದ್ದರು.

ಅಕ್ಕ ಚೇಳನ್ನು ಒನಕೆಯ ತುದಿಯಿಂದ ಜಜ್ಜಿ ಕೆಲಸಕ್ಕೆ ಮರಳುವವಳು. ಆದರೆ ಹಳದಿ ಕಣಜದ ಹುಳ ಕಂಡರೆ ಬೆವರುತ್ತಿದ್ದಳು. ಬಚ್ಚಲಿನ ಸೂರಿನಲ್ಲಿ ಅದು ಗೂಡು ಕಟ್ಟಿದ್ದು ಕಣ್ಣಿಗೆ ಬಿದ್ದರೆ ಸ್ನಾನ ಬಿಟ್ಟಾಳೇ ಹೊರತು ಒಳಗೆ ಕಾಲಿಡುತ್ತಿರಲಿಲ್ಲ. ನಾನೇ ಗೋಡೆ ಹತ್ತಿ ಇಳಿದು, ಕೋಲಿಗೆ ಹಳೆ ಬಟ್ಟೆ ಸುತ್ತಿ ಹೊಗೆ ಹಾಕಿ ಓಡಿಸುತ್ತಿದ್ದೆ. ಇಷ್ಟು ಚಿಕ್ಕ ಹುಳಕ್ಕೆ ಇಷ್ಟು ಹೆದರಿಕೆಯೇ ಎಂದು ಒಮ್ಮೆ ಚೇಷ್ಟೆ ಮಾಡಿದೆ. ಆಗ ಹೇಳಿದಳು. ಬಳ್ಳಾರಿಯಲ್ಲಿ, ಕೋಟೆ ಗುಡ್ಡದ ಬುಡದಲ್ಲಿ ಅವರ ಮನೆ. ಹುಡುಗಿಯಾಗಿದ್ದಾಗ ಕಣಜ ಕಚ್ಚಿ, ಮೈ ತುಂಬ ಗಂಧೆ ಎದ್ದು, ಮುಖ ಬಾತು, ಉಸಿರು ಸಿಕ್ಕಿಕೊಂಡು ಬಿದ್ದಿದ್ದಳಂತೆ. ಅಪ್ಪ ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ಓಡಿದ್ದ. ಡಾಕ್ಟರು ಸೂಜಿ ಮಾಡಿದ ಮೇಲೆ ಜೀವ ಬಂತಂತೆ.

ಆ ಡಾಕ್ಟರ ಹಾಗೆ ಮೂಗಿನ ತುದಿಗೆ ಬೆರಳಿಟ್ಟು, ಕನ್ನಡಕ ಏರಿಸಿಕೊಂಡಂತೆ ನಟಿಸಿ ತೋರಿಸುತ್ತಿದ್ದಳು. "ನೋಡವ್ವ, ಎಲ್ಲಾರಿಗೂ ಕಡದಲ್ಲಿ ಅಷ್ಟ ಬಾಯ್ತೈತಿ. ನಿನಗ ಮೈಯೆಲ್ಲಾ ಏರ್ತೈತಿ. ಈ ಹುಳ ನಿನ್ನ ಮೈಗೆ ಆಗಂಗಿಲ್ಲ. ಮತ್ತ ಕಡದ್ರ ಸುಣ್ಣ, ಉಳ್ಳಾಗಡ್ಡಿ ಅಂತ ತಿಕ್ಕೋತ ಕುಂದ್ರಬ್ಯಾಡ. ಓಡಿ ಬಾ." ಹೇಳಿ ಮುಗಿಸಿ ತಾನೇ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಇನ್ನು ಆಕೆಯ ಅತ್ತೆ. ಓಣಿಗೆಲ್ಲ ಹಿರಿಯ ಜೀವ, ಎಲ್ಲರೂ ಕಾಲಿಗೆ ಬೀಳುವವರು. ಆಗ ಸಿಡುಬನ್ನು ನಮ್ಮಲ್ಲಿ ಯಾರೂ ಸಿಡುಬು ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಯಾವ ಮಗುವಿನ ಮೈಮೇಲೆ ಒಂದು ಗುಳ್ಳೆ ಎದ್ದರೂ ಮೊದಲು ಈ ಮುದುಕಿಯ ಹತ್ತಿರ ತರುತ್ತಿದ್ದರು. ಆಕೆ ನೋಡಿ, ಕಣ್ಣು ಮುಚ್ಚಿ, ಅಮ್ಮ ಹೌದೋ ಅಲ್ಲವೋ ಹೇಳುತ್ತಿದ್ದಳು. ಹೌದೆಂದರೆ ಮುಗಿಯಿತು. ಆ ಮನೆಯಲ್ಲಿ ಒಗ್ಗರಣೆ ಇಲ್ಲ, ಔಷಧಿ ಇಲ್ಲ, ಹೊರಗಿನವರಿಗೆ ಪ್ರವೇಶ ಇಲ್ಲ. ಔಷಧಿ ಕೊಟ್ಟರೆ ಅಮ್ಮ ಮುನಿದು ಜೀವ ಒಯ್ಯುತ್ತಾಳೆ ಎಂಬ ನಂಬಿಕೆ. ಮುದುಕಿಯ ಮಾತು ಎಷ್ಟೋ ಸಲ ನಿಜವಾಗಿತ್ತು, ಅದನ್ನು ನಾನು ಸುಳ್ಳೆನ್ನುವುದಿಲ್ಲ. ಹಾಗೆ ನಿಜವಾದದ್ದರಿಂದಲೇ ಆಕೆಗೆ ಅಷ್ಟು ಸೊಕ್ಕು ಬಂದದ್ದು.

ಆ ಬೇಸಿಗೆಯಲ್ಲಿ ಊರಲ್ಲಿ ಅಮ್ಮ ಇದ್ದಳು. ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಹಿತ್ತಲಲ್ಲಿ ಒಣಹಾಕಿದ ಸೀರೆ ಎಳೆದುಕೊಂಡಳು. ಮಡಿಕೆಯೊಳಗೆ ಹುಳ ಕೂತಿತ್ತು. "ತಂಗೀ, ಕಡೀತು" ಎಂದು ಕೂಗಿದ್ದು ಕೇಳಿ ಗೋಡೆ ಹತ್ತಿ ಇಳಿದೆ. ಮುಂಗೈ ಮೇಲೆ ಕಚ್ಚಿತ್ತು. ಅಲ್ಲೇನೂ ಹೆಚ್ಚು ಬಾತಿರಲಿಲ್ಲ. ಆದರೆ ಆಕೆ ಅಂಗೈ ಕೆರೆದುಕೊಳ್ಳತೊಡಗಿದ್ದಳು, ಆಮೇಲೆ ಅಂಗಾಲು. ನೋಡುನೋಡುತ್ತಿದ್ದಂತೆ ಕತ್ತು, ಹೊಟ್ಟೆ, ತೊಡೆಯ ಮೇಲೆ ಕೆಂಪಗೆ ಗಂಧೆ ಎದ್ದವು. ಕೆಳತುಟಿ ದಪ್ಪಗಾಯಿತು. "ತಂಗಿ, ಅದ ಶುರು ಆತು. ದವಾಖಾನಿಗೆ ಹೋಗ್ಬೇಕು" ಎಂದಳು. ಆಗ ಆಕೆಯ ದನಿ ಇನ್ನೂ ಸರಿಯಾಗಿತ್ತು, ಕಾಲಲ್ಲಿ ಶಕ್ತಿ ಇತ್ತು. ದವಾಖಾನೆ ಎರಡು ಓಣಿ ಆಚೆ. ನಡೆದೇ ಹೋಗಬಹುದಿತ್ತು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ...

ನಡುಮನೆ ದಾಟುವಾಗ ಆಕೆಯ ಅತ್ತೆ ತಡೆದರು. ಅಕ್ಕ ಹೇಳಿದಳು, ಕಣಜ ಕಡದೈತಿ, ದವಾಖಾನಿಗೆ ಹೊಂಟೀನಿ ಅಂತ. ಮುದುಕಿ ಸೆರಗು ಸರಿಸಿ ಕತ್ತು ನೋಡಿದಳು, ಬೆನ್ನು ನೋಡಿದಳು. ಆಮೇಲೆ ಕೈಮುಗಿದಳು. "ನಮ್ಮನಿಗೆ ಬಂದ್ಯಾ ತಾಯಿ" ಎಂದಳು.

"ಅಮ್ಮ ಅಲ್ರಿ ಅತ್ತಿ. ಹುಳ. ನಿಮ್ಮ ಕಾಲಿಗೆ ಬೀಳ್ತೀನಿ, ಬಿಡ್ರಿ."

"ಕೈಗೆ ಕಡದ್ರ ಕೈ ಬಾಯ್ಬೇಕು. ಮೈ ಯಾಕ ಏಳ್ತೈತಿ, ತುಟಿ ಯಾಕ ಬಾಯ್ತೈತಿ? ನನಗ ಹೇಳಾಕ ಬರ್ತೀ ಏನು?"

ನಾನು ಬಾಯಿ ಹಾಕಿದೆ. ಬಳ್ಳಾರಿಯಲ್ಲಿ ಹಿಂದೆ ಹೀಗೇ ಆಗಿತ್ತು, ಡಾಕ್ಟರು ಹೀಗೆ ಹೇಳಿದ್ದರು ಎಂದೆ. ಅದೇ ತಪ್ಪಾಯಿತು ನೋಡಿ, ಬಳ್ಳಾರಿ ಎಂಬ ಶಬ್ದ. ಅಷ್ಟರಲ್ಲಿ ಓಣಿಯ ಹೆಂಗಸರು ಸೇರಿದ್ದರು. "ತವರಿಗೆ ಹೋಗಾಕ ಒಂದು ನೆವ ಬೇಕಿತ್ತು, ಸಿಕ್ತು" ಎಂದು ಯಾರೋ ಅಂದರು. ಅಕ್ಕ ಕೇಳಿದ್ದು ಎರಡು ಓಣಿ ಆಚೆಯ ದವಾಖಾನೆ. ಅವರಿಗೆ ಕೇಳಿಸಿದ್ದು ತವರುಮನೆ. ಸೊಸೆ ಏನು ಕೇಳಿದರೂ ಅವರಿಗೆ ತವರೇ ಕೇಳಿಸುತ್ತಿತ್ತು. ಒಬ್ಬಾಕೆ ಬೇವಿನ ಸೊಪ್ಪು ತಂದಳು, ಇನ್ನೊಬ್ಬಾಕೆ ಕೋಣೆಯಲ್ಲಿ ಹಾಸಿದಳು. ನಾಲ್ಕು ಕೈಗಳು ಹಿಡಿದು ಅಕ್ಕನನ್ನು ಒಳಗೆ ಮಲಗಿಸಿ ಬಾಗಿಲು ಹಾಕಿದವು. ನಮ್ಮತ್ತೆಯ ಕೈಯೂ ಅದರಲ್ಲಿತ್ತು.

ನಾನು ಓಡಿದೆ. ತಲೆಯ ಮೇಲಿನ ಸೆರಗು ಎಲ್ಲಿ ಬಿತ್ತೋ ತಿಳಿಯದು. ಹೊಸ ಸೊಸೆ ತಲೆ ಬಿಟ್ಟುಕೊಂಡು ಓಡುವುದನ್ನು ಬಜಾರದವರೆಲ್ಲ ಎದ್ದು ನಿಂತು ನೋಡಿದರು. ದವಾಖಾನೆಯ ಡಾಕ್ಟರು ತೆಲುಗಿನವರು, ಮದ್ರಾಸಿನಲ್ಲಿ ಓದಿ ಬಂದವರು. ನಾನು ಹೇಳಿದ್ದು ಅರ್ಧ ಕೇಳಿಯೇ ಚೀಲ ಎತ್ತಿಕೊಂಡರು. ನನಗಿಂತ ಮುಂದೆ ಅವರೇ ಓಡಿದರು.

ಬಾಗಿಲಲ್ಲಿ ಮುದುಕಿ ನಿಂತಿದ್ದಳು. ಚರ್ಮದ ಚೀಲ, ಸೂಜಿ ತಗೊಂಡು ಒಳಗೆ ಬರಬೇಡಿ ಎಂದಳು. ಡಾಕ್ಟರು ಸಮಾಧಾನದಿಂದಲೇ ಕೇಳಿದರು, "ಜ್ವರಂ ಯಾವಾಗಿಂದ ಬಂದೈತಮ್ಮಾ?" ಜ್ವರ ಇಲ್ಲ ಎಂದಳು. "ಜ್ವರಂ ಬಂದು ಎರಡು ಮೂರು ದಿನಕ್ಕೆ ಅಲ್ವಾ ಅಮ್ಮ ಕಾಣಿಸೋದು? ಮುಂಜಾನೆ ರೊಟ್ಟಿ ಬಡಿದಾಕಿಗೆ ಮಧ್ಯಾಹ್ನಕ್ಕೆ ಮೈ ತುಂಬ ಹೆಂಗ ಬರ್ತಾಳೆ?" ಆದರೂ ಮುದುಕಿ ಬಾಗಿಲು ಬಿಡಲಿಲ್ಲ. ಓಣಿಯ ಮುಂದೆ ತಪ್ಪೊಪ್ಪಿಕೊಳ್ಳುವ ಜಾತಿ ಆಕೆಯದಲ್ಲ.

ಮುಚ್ಚಿದ ಕೋಣೆಯಿಂದ ಅಕ್ಕನ ಉಸಿರು ಸೀಟಿಯ ಹಾಗೆ ಕೇಳಿಸುತ್ತಿತ್ತು. ಡಾಕ್ಟರಿಗೆ ಅದು ಕೇಳಿಸಿತು, ಮುಖ ಬದಲಾಯಿತು. ಅಂಗಳದಲ್ಲಿ ಅಕ್ಕನ ಗಂಡ ನಿಂತಿದ್ದ, ಆಗಷ್ಟೇ ಗದ್ದೆಯಿಂದ ಬಂದವನು. ಡಾಕ್ಟರು ಅವನ ಹತ್ತಿರ ಹೋಗಿ, "ನೀವು ಒಂದು ಮಾತು ಹೇಳ್ರಿ ಸಾಕು. ಹುಳ ಕಡದು ಗಂಟಲು ಬಾತೈತಿ. ಸೂಜಿ ಮಾಡಿದ್ರೆ ಉಸಿರು ಸಲೀಸಾಗ್ತೈತಿ. ತಡ ಆದ್ರೆ ಉಳಿಯಲ್ಲ" ಎಂದರು. ಮನೆಯ ಗಂಡಸು ಹೂಂ ಎಂದಿದ್ದರೆ ಆ ಹೆಂಗಸರೆಲ್ಲ ಪಕ್ಕಕ್ಕೆ ಸರಿಯುತ್ತಿದ್ದರು. ಅವನು ನೆಲ ನೋಡಿದ. ತಾಯಿಯನ್ನು ನೋಡಿದ.

"ಅವ್ವ ಹೆಂಗ ಹೇಳ್ತಾಳೋ ಹಂಗ್ರಿ" ಎಂದ.

ನಾನು ನುಗ್ಗಿದೆ. ಹೆಂಗಸರು ಹಿಡಿದುಕೊಂಡರು. ನಮ್ಮತ್ತೆ ರೆಟ್ಟೆ ತಿರುವಿ ಎಳೆದರು. ಡಾಕ್ಟರು ಕೈಮುಗಿದು ಬೇಡಿದರು, ಆಮೇಲೆ ರೇಗಿದರು, ತೆಲುಗಿನಲ್ಲಿ ಬೈದರು ಕೂಡ. ಯಾರೂ ಜಗ್ಗಲಿಲ್ಲ. ಒಳಗಿನ ಸೀಟಿಯ ದನಿ ಸಣ್ಣಗಾಯಿತು. ತಡೆದು ತಡೆದು ಬಂತು. ಆಮೇಲೆ ನಿಂತಿತು.

"ನಿದ್ದಿ ಹತ್ತಿತು. ಅಮ್ಮ ಶಾಂತ ಆದಳು" ಎಂದಳು ಮುದುಕಿ.

ಡಾಕ್ಟರು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಅಮ್ಮ ಒಯ್ದ ಜೀವಕ್ಕೆ ಅಳಬಾರದು ಎಂಬುದು ಇನ್ನೊಂದು ಕಟ್ಟಳೆ. ಅತ್ತರೆ ಆಕೆ ಇನ್ನೊಬ್ಬರನ್ನು ಒಯ್ಯುತ್ತಾಳಂತೆ. ಸುದ್ದಿ ತಿಳಿದು ಬಳ್ಳಾರಿಯಿಂದ ಅಕ್ಕನ ತಾಯಿ ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಆ ತಾಯಿ ಬಾಯಿ ತೆರೆದಳು, ಅಷ್ಟರಲ್ಲಿ ಯಾರೋ ಸೆರಗು ತುರುಕಿ ಮುಚ್ಚಿದರು. ಹೆತ್ತವಳನ್ನು ಅಳಗೊಡದ ಜನ, ಇವರ ವಂಶ ಉದ್ಧಾರವಾಗಲಿ... ನಾನು ಮಾತ್ರ ಜೋರಾಗಿಯೇ ಅತ್ತುಬಿಟ್ಟೆ. ಅದು ಕಣಜದ ಹುಳ, ನೀವು ಕೊಂದಿರಿ ಎಂದು ಒಬ್ಬೊಬ್ಬರ ಮುಖ ನೋಡಿ ಹೇಳಿದೆ. ಸೊಸೆಗೆ ಹುಚ್ಚು ಹಿಡಿದಿದೆ ಎಂದು ನನ್ನನ್ನು ಬಂಡಿ ಹತ್ತಿಸಿ ಕುರುಗೋಡಿಗೆ ಕಳಿಸಿದರು. ನಾನು ಕೇಳದೆಯೇ ತವರು ಸಿಕ್ಕಿತು. ಅಲ್ಲಿಯೂ ನಮ್ಮವ್ವ ಕೈಮುಗಿದು, "ಹಂಗ ಅನಬ್ಯಾಡ ಮಗಳೆ, ಅಮ್ಮಗ ಕೇಳಿಸ್ತೈತಿ" ಎಂದಳು.

ಐವತ್ತರ ದಶಕ ಶುರುವಾಗುವಷ್ಟರಲ್ಲಿ ನಾನೂ ನನ್ನ ಗಂಡನೂ ಬಳ್ಳಾರಿಗೆ ಬಂದು ನೆಲೆಸಿದ್ದೆವು. ಅಕ್ಕನ ಗಂಡ ಎಂದೋ ಮರುಮದುವೆಯಾಗಿದ್ದ. ಎರಡನೆಯ ಹೆಂಡತಿಯ ಹೆರಿಗೆಗೆ ದೊಡ್ಡ ದವಾಖಾನೆಗೆ ಬಂದವನು ನಮ್ಮ ಮನೆ ಹುಡುಕಿಕೊಂಡು ಬಂದ. ಈಗ ಇವನಿಗೆ ದವಾಖಾನೆಯ ದಾರಿ ಗೊತ್ತಾಗಿತ್ತು. ನೀರು ಕೊಟ್ಟೆ. ಕುಡಿದು ತಂಬಿಗೆ ಹಿಡಿದುಕೊಂಡೇ ಕೂತ. ಆಮೇಲೆ ಅಂದ, "ತಂಗೆವ್ವ, ಬಳ್ಳಾರಿ ಡಾಕ್ಟ್ರು ಹೇಳಿದ್ದು ಆಕಿ ನನಗೂ ಹೇಳಿದ್ಲು. ಮದುವಿ ಆದ ಹೊಸದಾಗ. ಆವತ್ತು ನನಗ ಗೊತ್ತಿತ್ತು, ಅದು ಅಮ್ಮ ಅಲ್ಲ ಅಂತ. ಅವ್ವನ ಮುಂದ ಹೆಂಗ ಅನ್ಲಿ?"

ಆಗುವುದು ಆಯಿತು ಬಿಡಿ, ಹಣೆಬರಹ ಎಂದು ನಾನು ಅನ್ನುತ್ತೇನೆಂದು ಕಾದು ಕೂತಿದ್ದ. ಮುದುಕಿ ನಂಬಿ ಕೆಟ್ಟಳು. ಹೆಂಗಸರು ಹೆದರಿ ಕೆಟ್ಟರು. ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗಳದಲ್ಲಿ ನಿಂತು ಆ ಉಸಿರು ನಿಲ್ಲುವ ತನಕ ಕೇಳಿದ.

"ಅವ್ವನ ಮುಂದ ಅನ್ನಾಕ ಆಗ್ಲಿಲ್ಲ. ಈಗ ನನ್ನ ಮುಂದ ಯಾಕ ಅಂತೀರಿ? ಏಳ್ರಿ" ಎಂದೆ. ತಂಬಿಗೆ ಇಟ್ಟು ಎದ್ದು ಹೋದ.

ಈಗ ಅವರು ಯಾರೂ ಇಲ್ಲ. ಮುದುಕಿ ತುಂಬು ಬಾಳು ಬಾಳಿ ಹೋದಳು. ಅವನೂ ಹೋದ. ನಮ್ಮತ್ತೆಯೂ ಹೋದರು. ಸಿರುಗುಪ್ಪದ ಆ ಓಣಿಯಲ್ಲಿ ಇಂದಿಗೂ ಯಾರನ್ನು ಕೇಳಿದರೂ ಆ ಮನೆಯ ಮೊದಲ ಸೊಸೆ ಅಮ್ಮ ಬಂದು ಸತ್ತಳು ಎಂದೇ ಹೇಳುತ್ತಾರೆ. ನನ್ನ ಸೊಸೆಗೆ ಮೊನ್ನೆ ಇದನ್ನೆಲ್ಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಅತ್ತಿ, ಆ ಬಳ್ಳಾರಿ ಅಕ್ಕ ನೋಡಾಕ ಹೆಂಗಿದ್ರು?" ಎಂದು ಕೇಳಿದಳು. ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಮಣ್ಣಿಗೆ ಒಯ್ಯುವ ಮೊದಲು ಕಂಡ ಆ ಬಾತ ಮುಖ, ಮುಚ್ಚಿಹೋದ ಕಣ್ಣು, ದಪ್ಪ ತುಟಿ, ಅಷ್ಟೇ ಎದುರಿಗೆ ಬರುತ್ತದೆ. ಗೋಡೆಯ ಆಚೆ ನಿಂತು ನಗುತ್ತಿದ್ದವಳ ಮುಖ ಎಷ್ಟು ನೆನೆಸಿದರೂ ಬರುವುದಿಲ್ಲ. ಅದನ್ನೂ ಅವರೇ ನನ್ನಿಂದ ಕಿತ್ತುಕೊಂಡರು.